ಕೆನಡಾ: ಮೂರನೇ ಪಕ್ಷದ ಮತದಾರ ಹೋದ ಕಡೆಗೇ ಸರ್ಕಾರ

2025ರ ಏಪ್ರಿಲ್ 28ರಂದು ನಡೆದ ಕೆನಡಾ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಶೇ 41.3ರಷ್ಟು ಮತ ಬಂತು. 1988ರ ನಂತರ ಆ ದೇಶದ ಯಾವ ಬಲಪಂಥೀಯ ಪಕ್ಷಕ್ಕೂ ಇಷ್ಟು ಪಾಲು ಸಿಕ್ಕಿರಲಿಲ್ಲ. 2011ರಲ್ಲಿ ಅದೇ ಪಕ್ಷದ ಸ್ಟೀಫನ್ ಹಾರ್ಪರ್ ಶೇ 39.6 ಮತ ಪಡೆದು ಪೂರ್ಣ ಬಹುಮತದ ಸರ್ಕಾರ ಮಾಡಿದ್ದರು. ಅವರಿಗಿಂತ ಜಾಸ್ತಿ ಮತ ತಂದ 2025ರ ನಾಯಕ ಪಿಯರ್ ಪೊಲಿಯೆವ್ ಸೋತರು. ಪಕ್ಷ ಸೋತಿದ್ದಷ್ಟೇ ಅಲ್ಲ, 2004ರಿಂದ ಒಂದೇ ಸಮ ಗೆದ್ದುಕೊಂಡು ಬಂದಿದ್ದ, ರಾಜಧಾನಿ ಒಟ್ಟಾವಾ ಅಂಚಿನ ಸ್ವಂತ ಕ್ಷೇತ್ರವೂ ಅವರ ಕೈತಪ್ಪಿತು.

ಮತ ಹೆಚ್ಚಿದರೂ ಸೋಲು ಹೇಗೆ ಬಂತು ಅಂತ ಕೇಳಿದರೆ ಹೆಚ್ಚಿನವರು ಡೊನಾಲ್ಡ್ ಟ್ರಂಪ್ ಕಡೆ ಬೆರಳು ತೋರಿಸುತ್ತಾರೆ. ಅದು ನಿಜ, ಆದರೆ ಅರ್ಧ ಮಾತ್ರ. ಟ್ರಂಪ್ ಮಾತಿಗೆ ಕೆನಡಾದ ಜನ ಕೆರಳಿದರು, ಸರಿ. ಆ ಸಿಟ್ಟು ಯಾರ ಮತವನ್ನು ಎಲ್ಲಿಂದ ಎಲ್ಲಿಗೆ ಸಾಗಿಸಿತು ಅನ್ನುವುದನ್ನು ನೋಡಬೇಕು. ಪೊಲಿಯೆವ್ ಜೊತೆಗಿದ್ದವರು ಗುಂಪುಗುಂಪಾಗಿ ಆಳುತ್ತಿದ್ದ ಲಿಬರಲ್ ಪಕ್ಷಕ್ಕೆ ಹೋಗಲಿಲ್ಲ. ಜನವರಿಯ ಸಮೀಕ್ಷೆಗಳಿಗೆ ಹೋಲಿಸಿದರೆ ಅವರು ಕಳೆದುಕೊಂಡದ್ದು ಕೆಲವೇ ಪಾಯಿಂಟ್. ಬರಿದಾಗಿದ್ದು ಇನ್ನೊಂದು ಮನೆ. ಅದು ಎಡಪಂಥೀಯ ಎನ್‌ಡಿಪಿ, ಅಂದರೆ ನ್ಯೂ ಡೆಮಾಕ್ರಟಿಕ್ ಪಾರ್ಟಿ.

ಲೆಕ್ಕ ನೋಡಿ. 2021ರಲ್ಲಿ ಎನ್‌ಡಿಪಿಗೆ ಶೇ 17.8 ಮತ, 25 ಸೀಟು ಇತ್ತು. 2025ರಲ್ಲಿ ಅದು ಶೇ 6.3 ಮತ, 7 ಸೀಟಿಗೆ ಬಂದು ನಿಂತಿತು. ನಾಯಕ ಜಗಮೀತ್ ಸಿಂಗ್ ತಮ್ಮ ಕ್ಷೇತ್ರದಲ್ಲೇ ಮೂರನೇ ಸ್ಥಾನಕ್ಕೆ ಹೋದರು, ಅದೇ ರಾತ್ರಿ ನಾಯಕತ್ವ ಬಿಡುವುದಾಗಿ ಹೇಳಿದರು. ಈ ಕಡೆ ಲಿಬರಲ್ ಪಕ್ಷ ಶೇ 32.6ರಿಂದ ಶೇ 43.8ಕ್ಕೆ ಏರಿತು. ಒಬ್ಬರು ಕಳೆದುಕೊಂಡದ್ದು ಹನ್ನೊಂದೂವರೆ, ಇನ್ನೊಬ್ಬರು ಗಳಿಸಿದ್ದು ಹನ್ನೊಂದು ಚಿಲ್ಲರೆ. 343 ಸೀಟಿನ ಸದನದಲ್ಲಿ ಲಿಬರಲ್‌ಗೆ 169, ಕನ್ಸರ್ವೇಟಿವ್‌ಗೆ 144 ಬಂತು.

ನನ್ನ ವಾದ ಇಷ್ಟೇ. ಕೆನಡಾದಲ್ಲಿ ಸರ್ಕಾರ ಯಾರದ್ದು ಅಂತ ತೀರ್ಮಾನಿಸುವವರು ಎರಡು ದೊಡ್ಡ ಪಕ್ಷಗಳ ನಡುವೆ ಕೂತು ಮೀನಮೇಷ ಎಣಿಸುವ ಮತದಾರರಲ್ಲ. ಮೂರನೇ, ನಾಲ್ಕನೇ ಪಕ್ಷವನ್ನು ಮನಸ್ಸಿನಿಂದ ಇಷ್ಟಪಟ್ಟು, ಮತಗಟ್ಟೆಗೆ ಹೋಗುವ ಹೊತ್ತಿಗೆ ಬೇರೆ ಲೆಕ್ಕ ಹಾಕುವವರು ಅದನ್ನು ತೀರ್ಮಾನಿಸುತ್ತಾರೆ. ಅಮೆರಿಕದ ಚುನಾವಣಾ ಸುದ್ದಿ ಓದಿ ಓದಿ ನಮಗೆ ಒಂದು ಚಿತ್ರ ರೂಢಿಯಾಗಿದೆ: ಎಡಕ್ಕೊಂದು ಪಕ್ಷ, ಬಲಕ್ಕೊಂದು ಪಕ್ಷ, ನಡುವೆ ತೂಗಾಡುವ ಒಂದಷ್ಟು ಜನ. ಆ ಚಿತ್ರ ಇಟ್ಟುಕೊಂಡು ಕೆನಡಾ ನೋಡಿದರೆ ಏನೂ ಅರ್ಥವಾಗುವುದಿಲ್ಲ.

ಹಾಗಂತ ಮೇಲಿನ ಕೂಡು-ಕಳೆ ಲೆಕ್ಕವನ್ನೇ ಪೂರ್ತಿ ನಂಬುವಂತಿಲ್ಲ. ಎನ್‌ಡಿಪಿಯಿಂದ ಹೊರಟವರೆಲ್ಲ ಲಿಬರಲ್ ಮನೆಗೇ ಬಂದರು ಅಂದುಕೊಂಡರೆ ತಪ್ಪಾಗುತ್ತದೆ. 2021ರಲ್ಲಿ ಲಿಬರಲ್‌ಗೆ ಮತ ಹಾಕಿದ ಒಂದಷ್ಟು ಯುವಕರು, ಮನೆ ಸಾಲ ಮತ್ತು ಬಾಡಿಗೆಯಿಂದ ಬೇಸತ್ತ ಉಪನಗರದವರು ಕನ್ಸರ್ವೇಟಿವ್ ಕಡೆ ನಡೆದರು. ಎನ್‌ಡಿಪಿಯ ಕಾರ್ಮಿಕ ಮತ ಕೆಲವು ಊರುಗಳಲ್ಲಿ ನೇರವಾಗಿ ಬಲಕ್ಕೆ ಹೊರಳಿತು. 2021ರಲ್ಲಿ ಶೇ 4.9ರಷ್ಟಿದ್ದ, ಕಡು ಬಲಪಂಥೀಯ ಪೀಪಲ್ಸ್ ಪಾರ್ಟಿಯ ಮತ ಹೆಚ್ಚುಕಡಿಮೆ ಕರಗಿಯೇ ಹೋಯಿತು, ಅದರ ಲಾಭ ಹೆಚ್ಚಾಗಿ ಪೊಲಿಯೆವ್ ಅವರಿಗೆ ಆಯಿತು. ಹೀಗೆ ಒಂದೇ ದಿನ ನಾಲ್ಕಾರು ದಿಕ್ಕಿಗೆ ಜನ ನಡೆದಾಡಿದ್ದಾರೆ. ಟಿವಿಯಲ್ಲಿ ಕಾಣುವುದು ಎಲ್ಲ ಮುಗಿದ ಮೇಲೆ ಉಳಿದ ಮೊತ್ತ.

ಆ ನಾಲ್ಕು ತಿಂಗಳು ಹೇಗೆ ಕಳೆಯಿತು ಅನ್ನುವುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಜನವರಿ 6ರಂದು ಆಗಿನ ಪ್ರಧಾನಿ, ಲಿಬರಲ್ ನಾಯಕ ಜಸ್ಟಿನ್ ಟ್ರುಡೊ ರಾಜೀನಾಮೆ ಕೊಡುವುದಾಗಿ ಘೋಷಿಸಿದರು. ಆಗ ಸಮೀಕ್ಷೆಗಳಲ್ಲಿ ಕನ್ಸರ್ವೇಟಿವ್ 20 ಪಾಯಿಂಟಿಗೂ ಹೆಚ್ಚು ಮುಂದಿತ್ತು. ಜನವರಿ 20ಕ್ಕೆ ಟ್ರಂಪ್ ಅಧಿಕಾರಕ್ಕೆ ಬಂದರು. ಕೆನಡಾ ಅಮೆರಿಕದ 51ನೇ ರಾಜ್ಯ ಆಗಬೇಕು ಅನ್ನುವ ಮಾತು, ಶೇ 25ರ ಸುಂಕದ ಬೆದರಿಕೆ ಎರಡೂ ಅದಕ್ಕೂ ಮೊದಲೇ ಶುರುವಾಗಿದ್ದವು, ಈಗ ಜೋರಾದವು. ಮಾರ್ಚ್ 9ರಂದು ಮಾರ್ಕ್ ಕಾರ್ನಿ ಲಿಬರಲ್ ನಾಯಕರಾದರು, 14ಕ್ಕೆ ಪ್ರಧಾನಿಯಾದರು. ಬ್ಯಾಂಕ್ ಆಫ್ ಕೆನಡಾ, ಬ್ಯಾಂಕ್ ಆಫ್ ಇಂಗ್ಲೆಂಡ್ ಎರಡರಲ್ಲೂ ಗವರ್ನರ್ ಆಗಿದ್ದವರು ಅವರು. ಹಿಂದೆ ಯಾವ ಚುನಾವಣೆಯಲ್ಲೂ ನಿಂತವರಲ್ಲ. ಬಂದವರೇ ಮೊದಲು ಮಾಡಿದ ಕೆಲಸ ಜನಸಾಮಾನ್ಯರ ಮೇಲಿದ್ದ ಇಂಗಾಲ ತೆರಿಗೆಯನ್ನು ಸೊನ್ನೆ ಮಾಡಿದ್ದು. ಪೊಲಿಯೆವ್ ಎರಡು ವರ್ಷ ಊರೂರು ಸುತ್ತಿ ಬೈದಿದ್ದು ಇದೇ ತೆರಿಗೆಯನ್ನು. ಬೈಯಲು ಟ್ರುಡೊ ಇಲ್ಲ, ತೆರಿಗೆಯೂ ಇಲ್ಲ ಅಂದಮೇಲೆ ಅವರ ಪ್ರಚಾರದ ಬುಡವೇ ಅಲುಗಾಡಿತು.

ಎನ್‌ಡಿಪಿ ಮತದಾರರ ಸ್ಥಿತಿ ಇದಕ್ಕಿಂತ ಬೇರೆ. ಅವರಿಗೆ ಕಾರ್ನಿ ತಮ್ಮವರು ಅನ್ನಿಸಿರಲು ಸಾಧ್ಯವಿಲ್ಲ. ಬ್ಯಾಂಕಿನಿಂದ ಬಂದ ಮನುಷ್ಯ, ಖರ್ಚಿನ ವಿಚಾರದಲ್ಲಿ ಬಿಗಿ. ಸಿಂಗ್ ಅವರಾದರೋ 2022ರ ಮಾರ್ಚ್‌ನಲ್ಲಿ ಟ್ರುಡೊ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟು, ಬದಲಿಗೆ ಬಡ ಮತ್ತು ಮಧ್ಯಮ ವರ್ಗದವರಿಗೆ ಹಲ್ಲಿನ ಚಿಕಿತ್ಸೆಯ ಯೋಜನೆ ತಂದುಕೊಟ್ಟಿದ್ದರು. ಆ ಕೆಲಸದ ಪುಣ್ಯ ಅವರ ಖಾತೆಗೆ ಬರಲೇ ಇಲ್ಲ. ಪೊಲಿಯೆವ್ ಬಂದರೆ ಈ ಯೋಜನೆಗಳೆಲ್ಲ ಏನಾಗುತ್ತವೋ, ಟ್ರಂಪ್ ಎದುರು ಯಾರು ನಿಲ್ಲುತ್ತಾರೋ ಅನ್ನುವ ಭಯವೇ ಮೇಲಾಯಿತು. ಇವರಿಗೆ ಪಕ್ಷನಿಷ್ಠೆ ಇಲ್ಲ, ಚಂಚಲರು ಅಂತ ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅವರ ನಿಲುವು ಇದ್ದಲ್ಲೇ ಇತ್ತು. ಯಾವ ಹೆಸರಿನ ಪಕ್ಕ ಗೀಟು ಎಳೆದರೆ ಆ ನಿಲುವು ಉಳಿದೀತು ಅನ್ನುವ ಲೆಕ್ಕ ಮಾತ್ರ ಬದಲಾಯಿತು.

ಈ ಲೆಕ್ಕಾಚಾರವನ್ನು ಒಂದು ಊರಿನಲ್ಲಿ ಹತ್ತಿರದಿಂದ ನೋಡೋಣ. ಒಟ್ಟಾವಾದ ದಕ್ಷಿಣಕ್ಕೆ ಬಾರ್‌ಹೇವನ್ ಅಂತ ಒಂದು ದೊಡ್ಡ ಬಡಾವಣೆ ಇದೆ. ಸಾಲು ಸಾಲು ಹೊಸ ಮನೆಗಳು, ಕೇಂದ್ರ ಸರ್ಕಾರದ ನೌಕರರು ಬಹಳ, ಹೊರದೇಶದಿಂದ ಬಂದು ನೆಲೆಸಿದವರೂ ಬಹಳ. 2015ರ ತನಕ ಇದು ನೆಪಿಯನ್-ಕಾರ್ಲ್ಟನ್ ಕ್ಷೇತ್ರದಲ್ಲಿತ್ತು, ಸಂಸದರು ಇದೇ ಪೊಲಿಯೆವ್. 2011ರಲ್ಲಿ ಅವರಿಗೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬಿದ್ದಿತ್ತು. 2015ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಬಾರ್‌ಹೇವನ್ ಹೊಸ ನೆಪಿಯನ್ ಕ್ಷೇತ್ರಕ್ಕೆ ಸೇರಿತು. ಗೆದ್ದವರು ಲಿಬರಲ್ ಪಕ್ಷದ ಚಂದ್ರ ಆರ್ಯ.

ಆರ್ಯ ಅವರ ಹೆಸರು ಕನ್ನಡಿಗರಿಗೆ ಗೊತ್ತೇ ಇದೆ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ದ್ವಾರಾಳು ಅವರ ಊರು. ಧಾರವಾಡದಲ್ಲಿ ಎಂಬಿಎ ಓದಿದವರು. 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತಾಡಿದಾಗ ಆ ವಿಡಿಯೊ ಇಲ್ಲಿ ಮನೆಮನೆಗೂ ತಲುಪಿತ್ತು. 2015, 2019, 2021 ಮೂರು ಸಲವೂ ನೆಪಿಯನ್ ಅವರ ಕೈ ಹಿಡಿಯಿತು. ಟ್ರುಡೊ ಇಳಿಯುವುದು ಖಚಿತವಾದಾಗ ಆರ್ಯ ಪಕ್ಷದ ನಾಯಕತ್ವಕ್ಕೂ ಸ್ಪರ್ಧಿಸಲು ಹೊರಟರು. ಪಕ್ಷ ಅದಕ್ಕೆ ಅವಕಾಶ ಕೊಡಲಿಲ್ಲ. ಮಾರ್ಚ್‌ನಲ್ಲಿ ನೆಪಿಯನ್ ಟಿಕೆಟ್ಟನ್ನೂ ವಾಪಸ್ ತೆಗೆದುಕೊಂಡಿತು. ಅಲ್ಲಿ ನಿಂತವರು ಸ್ವತಃ ಕಾರ್ನಿ. ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು.

ಅಂದರೆ ಬಾರ್‌ಹೇವನ್‌ನ ಒಂದೇ ಬೀದಿಯ ಮನೆಗಳು ಹದಿನಾಲ್ಕು ವರ್ಷದಲ್ಲಿ ಮೊದಲು ಪೊಲಿಯೆವ್, ಆಮೇಲೆ ಆರ್ಯ, ಆಮೇಲೆ ಪೊಲಿಯೆವ್ ವಿರುದ್ಧ ನಿಂತ ಪ್ರಧಾನಿ, ಹೀಗೆ ಮೂವರನ್ನು ಆರಿಸಿವೆ. ಇನ್ನೂ ಒಂದು ಸಂಗತಿ ಇದೆ. ಈ ಪೂರ್ತಿ ಅವಧಿಯಲ್ಲಿ ಒಂಟಾರಿಯೊ ಪ್ರಾಂತ್ಯದ ಶಾಸನಸಭೆಗೆ ಇದೇ ಜನ ಆರಿಸಿ ಕಳಿಸುತ್ತಿದ್ದುದು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಲೀಸಾ ಮ್ಯಾಕ್‌ಲಾಯ್ಡ್ ಅವರನ್ನು. 2006ರಿಂದ 2025ರವರೆಗೆ ಅವರೇ. ಒಟ್ಟಾವಾದ ಸಂಸತ್ತಿಗೆ ಲಿಬರಲ್, ಟೊರಾಂಟೊದ ಸಭೆಗೆ ಕನ್ಸರ್ವೇಟಿವ್. ಅವರು ಮತ್ತೆ ನಿಲ್ಲದಿದ್ದಾಗ, 2025ರ ಫೆಬ್ರುವರಿಯಲ್ಲಿ, ಆ ಸೀಟೂ ಲಿಬರಲ್ ಪಾಲಾಯಿತು.

ಇವರನ್ನು ಕದಲಿಸಿದ್ದು ಏನು? ಸಿದ್ಧಾಂತ ಅಂತೂ ಅಲ್ಲ ಅನ್ನಿಸುತ್ತದೆ. 2012ರ ಬಜೆಟ್‌ನಲ್ಲಿ ಹಾರ್ಪರ್ ಸರ್ಕಾರ ಸುಮಾರು 19,000 ಸರ್ಕಾರಿ ಹುದ್ದೆ ಕಡಿತ ಮಾಡುವುದಾಗಿ ಹೇಳಿತ್ತು. ನೌಕರರ ಊರಿನಲ್ಲಿ ಅದು ಊಟದ ಮೇಜಿನ ಮಾತು. 2022ರ ಆರಂಭದಲ್ಲಿ ಕೋವಿಡ್ ನಿರ್ಬಂಧಗಳ ವಿರುದ್ಧ ಲಾರಿ ಚಾಲಕರ ಪ್ರತಿಭಟನೆ ಒಟ್ಟಾವಾದ ನಡುಭಾಗವನ್ನು ಸುಮಾರು ಮೂರು ವಾರ ಹಿಡಿದಿಟ್ಟಿತು, ರಾತ್ರಿ ಪೂರ್ತಿ ಹಾರ್ನ್. ಪೊಲಿಯೆವ್ ಆ ಪ್ರತಿಭಟನೆಯ ಪರ ನಿಂತರು. ದೇಶದ ಬೇರೆ ಕಡೆ ಅದರಿಂದ ಅವರಿಗೆ ಹೆಸರು ಬಂದಿರಬಹುದು, ಆ ಹಾರ್ನ್ ಕೇಳಿಸಿಕೊಂಡ ಊರಿನಲ್ಲಿ ಅದು ತಿರುಗುಬಾಣವಾಯಿತು. 2015ರಿಂದ ಪೊಲಿಯೆವ್ ನಿಲ್ಲುತ್ತಿದ್ದ ಪಕ್ಕದ ಕಾರ್ಲ್ಟನ್‌ನಲ್ಲಿ ಅವರನ್ನು ಸೋಲಿಸಿದ ಲಿಬರಲ್ ಪಕ್ಷದ ಬ್ರೂಸ್ ಫ್ಯಾನ್‌ಜಾಯ್ ಎರಡು ವರ್ಷ ಮನೆಬಾಗಿಲು ತಟ್ಟಿದ್ದರು. ಅಲ್ಲೂ ಎನ್‌ಡಿಪಿ ಮತ ಹೆಸರಿಗೆ ಮಾತ್ರ ಉಳಿಯಿತು.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರುವ ಊರಿಗೆ ಬನ್ನಿ. ವಿಂಡ್ಸರ್. ನದಿ ದಾಟಿದರೆ ಡೆಟ್ರಾಯಿಟ್. ಕಾರು ಕಾರ್ಖಾನೆಗಳ ಊರು, ಕಾರ್ಮಿಕ ಸಂಘಗಳ ಊರು. ವಿಂಡ್ಸರ್ ವೆಸ್ಟ್ ಕ್ಷೇತ್ರವನ್ನು 2002ರಿಂದ ಎನ್‌ಡಿಪಿಯ ಬ್ರಯನ್ ಮಾಸ್ ಉಳಿಸಿಕೊಂಡು ಬಂದಿದ್ದರು. ಟ್ರಂಪ್ ಸುಂಕದ ಏಟು ಮೊದಲು ಬೀಳುವುದೇ ಇಲ್ಲಿ. ಟ್ರಂಪ್ ಭಯವೇ ಎಲ್ಲವನ್ನೂ ತೀರ್ಮಾನಿಸಿದ್ದರೆ ಇದು ಲಿಬರಲ್‌ಗೆ ಹೋಗಬೇಕಿತ್ತು. ಹೋಗಿದ್ದು ಕನ್ಸರ್ವೇಟಿವ್‌ಗೆ. ಒಂಟಾರಿಯೊದ ಲಂಡನ್-ಫ್ಯಾನ್‌ಶಾ ಕೂಡ ಹಾಗೇ ಆಯಿತು. ವಿನ್ನಿಪೆಗ್‌ನ ರೈಲ್ವೆ ಕಾರ್ಮಿಕರ ಹಳೆಯ ಕೋಟೆ ಎಲ್ಮ್‌ವುಡ್-ಟ್ರಾನ್ಸ್‌ಕೋನಾ ಕೂಡ. 2024ರ ಸೆಪ್ಟೆಂಬರ್ ಉಪಚುನಾವಣೆಯಲ್ಲಿ ಅಲ್ಲಿ ಎನ್‌ಡಿಪಿ ಗೆದ್ದಿತ್ತು, ಲಿಬರಲ್ ಲೆಕ್ಕಕ್ಕೇ ಇರಲಿಲ್ಲ. ಏಳು ತಿಂಗಳು ಕಳೆಯುವಷ್ಟರಲ್ಲಿ ದೇಶದ ಗಾಳಿಗೆ ಅಲ್ಲಿನ ಲಿಬರಲ್ ಮತವೂ ಉಬ್ಬಿತು, ಎನ್‌ಡಿಪಿ ಮತ ಒಡೆಯಿತು, ಕನ್ಸರ್ವೇಟಿವ್ ನಡುವೆ ದಾರಿ ಮಾಡಿಕೊಂಡು ಗೆದ್ದಿತು.

ಎನ್‌ಡಿಪಿಯಿಂದ ಕನ್ಸರ್ವೇಟಿವ್‌ಗೆ ಹೋಗುವ ಈ ದಾರಿ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ತೀರಾ ಎಡದಿಂದ ತೀರಾ ಬಲಕ್ಕೆ ಯಾರಾದರೂ ಹಾರುತ್ತಾರಾ? ಆದರೆ ಪಶ್ಚಿಮದ ಪ್ರಾಂತ್ಯಗಳಲ್ಲಿ, ಗಣಿ ಮತ್ತು ಕಾರ್ಖಾನೆಯ ಊರುಗಳಲ್ಲಿ ಲಿಬರಲ್ ಅಂದರೆ ಟೊರಾಂಟೊ, ಮಾಂಟ್ರಿಯಲ್‌ನ ಓದಿದವರ, ಉಳ್ಳವರ ಪಕ್ಷ ಅನ್ನುವ ಭಾವನೆ ಹಳೆಯದು. ಅಲ್ಲಿ ಕೂಲಿಯವನ ಸಿಟ್ಟಿಗೆ ಬಾಯಿಯಾಗಿದ್ದು ಎನ್‌ಡಿಪಿ. ಆ ಜಾಗಕ್ಕೆ ಈಗ ಕನ್ಸರ್ವೇಟಿವ್ ಪೈಪೋಟಿಗಿಳಿದಿದೆ. ಮುಷ್ಕರದ ವೇಳೆ ಬದಲಿ ಕಾರ್ಮಿಕರನ್ನು ತರುವುದನ್ನು ನಿಷೇಧಿಸುವ ಮಸೂದೆ 2024ರಲ್ಲಿ ಸದನದ ಮುಂದೆ ಬಂದಾಗ ಕನ್ಸರ್ವೇಟಿವ್ ಸಂಸದರೂ ಪರವಾಗಿಯೇ ಮತ ಹಾಕಿದರು. ಹತ್ತು ವರ್ಷದ ಹಿಂದೆ ಅದನ್ನು ಊಹಿಸಲೂ ಆಗುತ್ತಿರಲಿಲ್ಲ. ಎನ್‌ಡಿಪಿ ಇದನ್ನು ಬಹಳ ತಡವಾಗಿ ಗಮನಿಸಿತು ಅನ್ನುವುದು ನನ್ನ ಅನಿಸಿಕೆ.

ಮತ ಒಟ್ಟುಗೂಡಿಸಲು ಹೋಗಿ ಎಡವಿದ ಕ್ಷೇತ್ರ ಅಂದರೆ ವ್ಯಾಂಕೂವರ್ ದ್ವೀಪದ ನನೈಮೊ-ಲೇಡಿಸ್ಮಿತ್. 2019ರಲ್ಲಿ ಇಲ್ಲಿ ಗ್ರೀನ್ ಪಕ್ಷದ ಪಾಲ್ ಮ್ಯಾನ್ಲಿ ಗೆದ್ದಿದ್ದರು. 2021ರಲ್ಲಿ ಎನ್‌ಡಿಪಿ ಗೆದ್ದಿತು. 2025ರಲ್ಲಿ ಕನ್ಸರ್ವೇಟಿವ್ ಬರಬಾರದು ಅನ್ನುವವರಿಗೆ ಮೂರು ಹೆಸರು ಕಣ್ಣೆದುರಿಗಿದ್ದವು. ದೇಶದ ಗಾಳಿ ನೋಡಿದರೆ ಲಿಬರಲ್‌ಗೆ ಹಾಕಬೇಕು. ಆಗಿನ ಸಂಸದರು ಎನ್‌ಡಿಪಿಯವರು. ಮ್ಯಾನ್ಲಿ ಊರಿಗೆ ಗೊತ್ತಿರುವ ಮುಖ. ಸುಮ್ಮನೆ ಇದ್ದಿದ್ದರೂ ಒಡೆಯುತ್ತಿದ್ದ ಮತ, ಲೆಕ್ಕ ಹಾಕಿ ಹಾಕಿ ಇನ್ನೂ ಒಡೆಯಿತು. ಮೂವರಿಗೆ ಸೇರಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಮತ ಬಂತು. ಶೇ 35ರ ಆಸುಪಾಸಿನಲ್ಲಿದ್ದ ಕನ್ಸರ್ವೇಟಿವ್ ಅಭ್ಯರ್ಥಿ ಗೆದ್ದರು. ಯುಕ್ತಿಯ ಮತದಾನಕ್ಕೆ ಮೊದಲು ಬೇಕಾಗಿರುವುದು ತಮ್ಮ ಕ್ಷೇತ್ರದಲ್ಲಿ ಎರಡನೇ ಸ್ಥಾನದಲ್ಲಿ ಯಾರಿದ್ದಾರೆ ಅನ್ನುವ ಖಚಿತ ಮಾಹಿತಿ. ಸಮೀಕ್ಷೆಗಳು ಕೊಡುವುದು ದೇಶದ, ಹೆಚ್ಚೆಂದರೆ ಪ್ರಾಂತ್ಯದ ಚಿತ್ರ. ಒಂದೊಂದು ಕ್ಷೇತ್ರದ ಗುಟ್ಟು ಅದರಿಂದ ಸಿಗುವುದಿಲ್ಲ.

ದೊಡ್ಡ ನಗರದ ಸುತ್ತಲಿನ ವಲಯದ ಕಥೆಯಲ್ಲಿ ನಮ್ಮ ದೇಶದಿಂದ ಹೋದವರೂ ಇದ್ದಾರೆ. ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ಪಂಜಾಬಿಗಳು ಬಹಳ. ಅಲ್ಲಿನ ಸೀಟುಗಳೆಲ್ಲ 2011ರಲ್ಲಿ ಕನ್ಸರ್ವೇಟಿವ್ ಪಾಲಾಗಿದ್ದವು. ವಲಸಿಗರ ಮತ ತಂದುಕೊಡಲು ಹಾರ್ಪರ್ ಅವರ ಸಚಿವ ಜೇಸನ್ ಕೆನಿ ವರ್ಷಗಟ್ಟಲೆ ಗುರುದ್ವಾರ, ದೇವಸ್ಥಾನ, ಮದುವೆ ಮನೆ ಅಂತ ಓಡಾಡಿದ್ದರ ಫಲ ಅದು. ಅದೇ ಚುನಾವಣೆಯಲ್ಲಿ ಬ್ರಾಮಲೀ-ಗೋರ್-ಮಾಲ್ಟನ್ ಕ್ಷೇತ್ರದಲ್ಲಿ ಐನೂರು ಚಿಲ್ಲರೆ ಮತಗಳಿಂದ ಸೋತ ಎನ್‌ಡಿಪಿ ಹುಡುಗನೇ ಮುಂದೆ ಪಕ್ಷದ ನಾಯಕನಾದ ಜಗಮೀತ್ ಸಿಂಗ್. 2015ರಲ್ಲಿ ಕನ್ಸರ್ವೇಟಿವ್ ಪಕ್ಷ ಮುಸ್ಲಿಂ ಹೆಂಗಸರ ನಿಖಾಬ್ ಬಗ್ಗೆ ತಕರಾರು ತೆಗೆಯಿತು, 'ಅನಾಗರಿಕ ಆಚರಣೆ' ಕಂಡರೆ ದೂರು ಕೊಡಿ ಅನ್ನುವ ಸಹಾಯವಾಣಿಯ ಭರವಸೆ ಕೊಟ್ಟಿತು. ಕೆನಿ ಕಟ್ಟಿದ್ದೆಲ್ಲ ಕೆಲವೇ ವಾರದಲ್ಲಿ ಕುಸಿಯಿತು. ಆ ವರ್ಷ ಬ್ರ್ಯಾಂಪ್ಟನ್‌ನ ಐದೂ ಸೀಟು ಲಿಬರಲ್‌ಗೆ ಹೋದವು. 2025ರಲ್ಲಿ ಬ್ರ್ಯಾಂಪ್ಟನ್ ವೆಸ್ಟ್ ಮತ್ತೆ ತಿರುಗಿತು, ಸಚಿವೆ ಕಮಲ್ ಖೇರಾ ಅಲ್ಲಿ ಸೋತರು. ಮನೆ ಬೆಲೆ, ಕಾರು ಕಳ್ಳತನ, ವಲಸೆಯ ಸಂಖ್ಯೆ ಇವೇ ಅಲ್ಲಿನ ಚರ್ಚೆ. ವಲಸಿಗರ ಮತಬ್ಯಾಂಕ್ ಅಂತ ಸುಲಭವಾಗಿ ಬರೆಯುತ್ತಾರೆ. ಬ್ಯಾಂಕಿನಲ್ಲಿ ಇಟ್ಟದ್ದು ಇಟ್ಟಲ್ಲೇ ಇರಬೇಕು, ಇದು ಹಾಗೆ ಇದ್ದದ್ದೇ ಇಲ್ಲ.

ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಬಗ್ಗೆ ಬರೆಯಲು ಹೊರಟರೆ ಬೇರೆಯದೇ ಲೇಖನ ಬೇಕು. ಅಲ್ಲಿ ಜನ ಗುಂಪಾಗಿ ಎದ್ದು ಗುಂಪಾಗಿ ನಡೆಯುತ್ತಾರೆ. 1984ರಲ್ಲಿ ಬ್ರಯನ್ ಮಲ್ರೋನಿ ಅವರ, ಇಂದಿನ ಕನ್ಸರ್ವೇಟಿವ್‌ನ ಹಿಂದಿನ ರೂಪವಾದ ಪ್ರೋಗ್ರೆಸಿವ್ ಕನ್ಸರ್ವೇಟಿವ್‌ಗೆ 75ರಲ್ಲಿ 58 ಸೀಟು. 1993ರಲ್ಲಿ ಪ್ರತ್ಯೇಕತಾವಾದಿ ಬ್ಲಾಕ್ ಕ್ವಿಬೆಕ್ವಾಗೆ 54. 2011ರಲ್ಲಿ ಅದೇ ಬ್ಲಾಕ್ 4ಕ್ಕೆ ಇಳಿಯಿತು, ಅಲ್ಲಿಯವರೆಗೆ ಒಂದೇ ಸೀಟು ಇದ್ದ ಎನ್‌ಡಿಪಿಗೆ 59 ಬಂತು. ಜಾಕ್ ಲೇಟನ್ ಅನ್ನುವ ನಾಯಕನ ಮೇಲಿನ ಪ್ರೀತಿ ಅದು. ಕ್ಯಾನ್ಸರ್‌ನಿಂದ ಚೇತರಿಸಿಕೊಳ್ಳುತ್ತ ಕೈಯಲ್ಲಿ ಊರುಗೋಲು ಹಿಡಿದು ಪ್ರಚಾರ ಮಾಡಿದ ಆ ಮನುಷ್ಯ ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು.

ಆ ಅಲೆಯಲ್ಲಿ ಗೆದ್ದವರಲ್ಲಿ ರೂತ್ ಎಲೆನ್ ಬ್ರೊಸೊ ಒಬ್ಬರು. ಬರ್ತಿಯೆ-ಮಸ್ಕಿನೊಂಜೆ ಕ್ಷೇತ್ರದಲ್ಲಿ ಪಕ್ಷ ಲೆಕ್ಕಕ್ಕೆ ಒಂದು ಹೆಸರು ಇರಲಿ ಅಂತ ಹಾಕಿದ ಅಭ್ಯರ್ಥಿ. ಒಟ್ಟಾವಾದಲ್ಲಿ ಬಾರ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ಕ್ಷೇತ್ರಕ್ಕೆ ಕಾಲಿಟ್ಟಿರಲಿಲ್ಲ, ಫ್ರೆಂಚ್ ಸರಿಯಾಗಿ ಬರುತ್ತಿರಲಿಲ್ಲ, ಪ್ರಚಾರದ ನಡುವೆ ಲಾಸ್ ವೇಗಸ್‌ಗೆ ಪ್ರವಾಸ ಹೋಗಿದ್ದರು. ಗೆದ್ದರು. ಪತ್ರಿಕೆಗಳು ಆಡಿಕೊಂಡವು. ಅವರು ಭಾಷೆ ಕಲಿತರು, ರೈತರ ಮನೆಗಳಿಗೆ ಹೋದರು, ಹೈನುಗಾರಿಕೆಯ ವಿಚಾರ ಓದಿಕೊಂಡು ಸದನದಲ್ಲಿ ಮಾತಾಡಿದರು. 2015ರಲ್ಲಿ ಎನ್‌ಡಿಪಿ ಕ್ವಿಬೆಕ್‌ನಲ್ಲಿ 59ರಿಂದ 16ಕ್ಕೆ ಬಿದ್ದಾಗ ಅವರು ಮತ್ತೆ ಗೆದ್ದರು. ಅಲೆ ಇಳಿದ ಮೇಲೂ ಆ ಕ್ಷೇತ್ರದ ಜನ ಅವರನ್ನು ಬಿಡಲಿಲ್ಲ. ಮತ ಯಾವಾಗ ಕದಲುತ್ತದೆ ಅಂತ ಕೇಳುವಷ್ಟೇ, ಯಾವಾಗ ಕದಲದೆ ನಿಲ್ಲುತ್ತದೆ ಅಂತಲೂ ಕೇಳಬೇಕು, ಅಲ್ವಾ?

2025ರಲ್ಲಿ ಕ್ವಿಬೆಕ್‌ನ 78 ಸೀಟುಗಳಲ್ಲಿ ಲಿಬರಲ್‌ಗೆ 44, ಬ್ಲಾಕ್‌ಗೆ 22. ಟೆರ್‌ಬಾನ್ ಕ್ಷೇತ್ರದಲ್ಲಿ ಮರುಎಣಿಕೆಯ ನಂತರ ಲಿಬರಲ್ ಅಭ್ಯರ್ಥಿ ಒಂದೇ ಒಂದು ಮತದಿಂದ ಮುಂದೆ ಬಂದರು. ಆ ಫಲಿತಾಂಶ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ತಮ್ಮ ಪ್ರಾಂತ್ಯ ಪ್ರತ್ಯೇಕವಾಗಲಿ ಅನ್ನುವವರಲ್ಲೂ ಒಂದಷ್ಟು ಜನ ಈ ಸಲ ಕೆನಡಾ ಉಳಿಯಲಿ ಅಂತ ಮತ ಹಾಕಿದರು. ಕೆನಡಾವೇ ಅಮೆರಿಕದ ಪಾಲಾದರೆ ಫ್ರೆಂಚ್ ಭಾಷೆಯ ಗತಿ ಏನು ಅನ್ನುವ ಪ್ರಶ್ನೆ ಅವರ ಮುಂದಿತ್ತು.

ಪ್ರಾಂತ್ಯಕ್ಕೊಂದು, ದೇಶಕ್ಕೊಂದು ಮತ ಹಾಕುವ ರೂಢಿಯನ್ನು ನೆಪಿಯನ್‌ನಲ್ಲಿ ಕಂಡೆವು. ಇದು ಕೆನಡಾದ ಉದ್ದಗಲಕ್ಕೂ ಇದೆ. ಅಲ್ಬರ್ಟಾ ಅಂದರೆ ಕನ್ಸರ್ವೇಟಿವ್ ಕೋಟೆ. ಅಲ್ಲಿ 2015ರ ಮೇ ತಿಂಗಳಲ್ಲಿ ರೇಚಲ್ ನಾಟ್ಲಿ ನೇತೃತ್ವದ ಎನ್‌ಡಿಪಿ ಗೆದ್ದು 44 ವರ್ಷದ ಆಡಳಿತವನ್ನು ಕೊನೆಗೊಳಿಸಿತು. ಬಲಪಂಥೀಯ ಮತ ಎರಡು ಪಕ್ಷಗಳಿಗೆ ಹಂಚಿಹೋಗಿದ್ದು ಅದಕ್ಕೆ ದಾರಿಯಾಯಿತು. ಐದು ತಿಂಗಳ ನಂತರ ಸಂಸತ್ ಚುನಾವಣೆಯಲ್ಲಿ ಅದೇ ಅಲ್ಬರ್ಟಾ 34ರಲ್ಲಿ 29 ಸೀಟನ್ನು ಕನ್ಸರ್ವೇಟಿವ್‌ಗೆ ಕೊಟ್ಟಿತು. ಎರಡೂ ಬಲ ಪಕ್ಷಗಳು ಒಂದಾದ ಮೇಲೆ 2019ರಲ್ಲಿ ನಾಟ್ಲಿ ಸೋತರು.

ಒಂಟಾರಿಯೊದ 2025 ಇನ್ನೂ ಸ್ವಾರಸ್ಯಕರ. ಫೆಬ್ರುವರಿ 27ರಂದು ಡಗ್ ಫೋರ್ಡ್ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ 124ರಲ್ಲಿ 80 ಸೀಟು ಗೆದ್ದು ಸತತ ಮೂರನೇ ಸಲ ಬಹುಮತ ಪಡೆಯಿತು. ಎರಡು ತಿಂಗಳ ನಂತರ ಅದೇ ಪ್ರಾಂತ್ಯ ಸಂಸತ್ತಿಗೆ ಹೆಚ್ಚು ಲಿಬರಲ್‌ಗಳನ್ನು ಕಳಿಸಿತು. ಮೇಲ್ನೋಟಕ್ಕೆ ಬಲದಿಂದ ಎಡಕ್ಕೆ ವಾಲಿದಂತೆ ಕಾಣುತ್ತದೆ. ಆದರೆ ಫೋರ್ಡ್ ಪ್ರಚಾರ ಪೂರ್ತಿ ಟ್ರಂಪ್ ಸುಂಕದಿಂದ ಒಂಟಾರಿಯೊವನ್ನು ಕಾಪಾಡುತ್ತೇನೆ ಅನ್ನುವುದೇ ಆಗಿತ್ತು. ಕಾರ್ನಿಯದ್ದೂ ಅದೇ. ಆ ಮತದಾರ ಎರಡು ಸಲವೂ ಒಂದೇ ಕಾರಣಕ್ಕೆ ಮತ ಹಾಕಿದ್ದಾನೆ, ಹೆಸರು ಮಾತ್ರ ಬೇರೆ. ಪೊಲಿಯೆವ್ ಪ್ರಚಾರ ಟ್ರಂಪ್ ವಿಚಾರಕ್ಕೆ ಬೇಗ ಹೊರಳಲಿಲ್ಲ ಅಂತ ಫೋರ್ಡ್ ಅವರ ಚುನಾವಣಾ ಉಸ್ತುವಾರಿಯೇ ಬಹಿರಂಗವಾಗಿ ಟೀಕಿಸಿದರು.

ಇದಕ್ಕೆ ಒಂದು ಸರಳ ಕಾರಣವೂ ಇದೆ. ಕೆನಡಾದಲ್ಲಿ ಪ್ರಾಂತ್ಯದ ಪಕ್ಷವೂ ದೇಶದ ಪಕ್ಷವೂ ಹೆಸರು ಒಂದೇ ಇದ್ದರೂ ಹಲವು ಕಡೆ ಬೇರೆ ಬೇರೆ ಸಂಸ್ಥೆಗಳು. ಬ್ರಿಟಿಷ್ ಕೊಲಂಬಿಯಾದಲ್ಲಿ ಲಿಬರಲ್ ಅಂತ ಕರೆದುಕೊಳ್ಳುತ್ತಿದ್ದ ಪಕ್ಷದಲ್ಲಿ ದೇಶದ ಮಟ್ಟದ ಕನ್ಸರ್ವೇಟಿವ್‌ಗಳೂ ಇದ್ದರು. 2023ರಲ್ಲಿ ಅದು ಹೆಸರು ಬದಲಿಸಿಕೊಂಡಿತು, 2024ರ ಆಗಸ್ಟ್‌ನಲ್ಲಿ ಪ್ರಚಾರವನ್ನೇ ನಿಲ್ಲಿಸಿ ಕಣದಿಂದ ಹಿಂದೆ ಸರಿಯಿತು. 2020ರಲ್ಲಿ ಶೇ 2ರಷ್ಟೂ ಮತ ಇಲ್ಲದಿದ್ದ ಪ್ರಾಂತೀಯ ಕನ್ಸರ್ವೇಟಿವ್ ಪಕ್ಷ ಅಕ್ಟೋಬರ್‌ನಲ್ಲಿ 44 ಸೀಟು ಗೆದ್ದು ಅಲ್ಲಿ ಆಳುತ್ತಿದ್ದ ಎನ್‌ಡಿಪಿಯ ನಿದ್ದೆ ಕೆಡಿಸಿತು. ಇಲ್ಲಿ ಮತದಾರ ಪಕ್ಷ ಬಿಟ್ಟನೋ, ಪಕ್ಷವೇ ಅವನನ್ನು ಬಿಟ್ಟಿತೋ ಹೇಳಿ.

ಇಷ್ಟೆಲ್ಲ ಓಡಾಟಕ್ಕೆ ಮೂಲ ಚುನಾವಣಾ ಪದ್ಧತಿಯಲ್ಲಿದೆ. ಅಲ್ಲೂ ನಮ್ಮ ಹಾಗೇ, ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಮತವೋ ಅವರೇ ಗೆದ್ದ ಹಾಗೆ. ಎರಡನೇ ಆಯ್ಕೆ ಹೇಳಲು ಮತಪತ್ರದಲ್ಲಿ ಜಾಗವಿಲ್ಲ. 2025ರಲ್ಲಿ ಬ್ಲಾಕ್‌ಗೂ ಎನ್‌ಡಿಪಿಗೂ ಬಂದಿದ್ದು ಅದೇ ಶೇ 6.3 ಮತ. ಒಂದೇ ಪ್ರಾಂತ್ಯದಲ್ಲಿ ಮತ ಒಟ್ಟಾಗಿದ್ದ ಬ್ಲಾಕ್‌ಗೆ 22 ಸೀಟು, ದೇಶದ ತುಂಬ ಚದುರಿದ ಎನ್‌ಡಿಪಿಗೆ 7. 1993ರಲ್ಲಿ ಇದಕ್ಕಿಂತ ಘೋರ. ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಶೇ 16 ಮತ ಪಡೆದೂ ಎರಡೇ ಸೀಟಿಗೆ ಕುಸಿಯಿತು, ಪ್ರಧಾನಿ ಕಿಮ್ ಕ್ಯಾಂಬೆಲ್ ಕೂಡ ಸೋತರು. ಇಂಥ ಕಡೆ ಮನಸ್ಸಿಗೆ ಬಂದವರಿಗೆ ಮತ ಹಾಕಿ ಬನ್ನಿ ಅಂತ ಯಾರಿಗಾದರೂ ಹೇಳುವುದು ಕಷ್ಟ.

ಇದನ್ನು ಬದಲಿಸುತ್ತೇವೆ ಅಂತ ಟ್ರುಡೊ 2015ರಲ್ಲಿ ಮಾತು ಕೊಟ್ಟಿದ್ದರು. ಹಳೆ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದೇ ಅಂದಿದ್ದರು. ಎಷ್ಟೋ ಎನ್‌ಡಿಪಿ ಮತದಾರರು ಆ ವರ್ಷ ಅವರ ಕಡೆ ಬರಲು ಈ ಮಾತೂ ಒಂದು ಕಾರಣ. ಆ ಆಗಸ್ಟ್‌ನಲ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದ ಎನ್‌ಡಿಪಿ ಅಕ್ಟೋಬರ್ ಹೊತ್ತಿಗೆ ಮೂರನೇ ಸ್ಥಾನಕ್ಕಿಳಿದಿತ್ತು. 34 ಸೀಟಿನ ಲಿಬರಲ್ ಪಕ್ಷ 184ಕ್ಕೆ ಏರಿತು. 2017ರ ಫೆಬ್ರುವರಿಯಲ್ಲಿ ಸರ್ಕಾರ ಆ ಭರವಸೆಯನ್ನು ಕೈಬಿಟ್ಟಿತು. ನಂಬಿ ಬಂದವರಿಗೆ ಮಾಡಿದ ಅನ್ಯಾಯ ಅದು. 2025ರ ಜನವರಿಯಲ್ಲಿ ಹುದ್ದೆ ಬಿಡುವಾಗ ಟ್ರುಡೊ, ಜನ ಒಂದೇ ಮತಪತ್ರದಲ್ಲಿ ಎರಡನೇ, ಮೂರನೇ ಆಯ್ಕೆ ಹೇಳುವಂತೆ ಮಾಡಲಾಗಲಿಲ್ಲ ಅನ್ನುವುದೇ ತಮ್ಮ ಕೊರಗು ಅಂದರು. ಕೈಯಲ್ಲಿ ಬಹುಮತ ಇದ್ದ ದಿನ ಆ ಕೊರಗು ಬಂದಿದ್ದರೆ ಚೆನ್ನಾಗಿತ್ತು.

ಈಗ ಮುಂದಿನ ಪ್ರಶ್ನೆ. ಎನ್‌ಡಿಪಿ ಬಿಟ್ಟು ಬಂದವರು ವಾಪಸ್ ಹೋಗುತ್ತಾರಾ? 2011ರಲ್ಲಿ ಶೇ 19ಕ್ಕೆ ಬಿದ್ದ ಲಿಬರಲ್‌ಗಳು ನಾಲ್ಕೇ ವರ್ಷದಲ್ಲಿ ಎದ್ದು ಬಂದರಲ್ಲ ಅಂತ ಹೇಳಬಹುದು. ಆದರೆ ಅವರಿಗೆ ಆಗ 34 ಸಂಸದರಿದ್ದರು. ಸದನದಲ್ಲಿ ಅಧಿಕೃತ ಪಕ್ಷ ಅನ್ನಿಸಿಕೊಳ್ಳಲು 12 ಸೀಟು ಬೇಕು. ಎನ್‌ಡಿಪಿಗೆ ಅಷ್ಟೂ ಬರಲಿಲ್ಲ, ಹಾಗಾಗಿ ಪ್ರಶ್ನೋತ್ತರದಲ್ಲಿ ಸರದಿ, ಸಮಿತಿಗಳಲ್ಲಿ ಜಾಗ, ಕಚೇರಿ ಅನುದಾನ ಎಲ್ಲಕ್ಕೂ ಕತ್ತರಿ ಬಿತ್ತು. ಬಿದ್ದ ಒಂದೊಂದು ಮತಕ್ಕೂ ಪಕ್ಷಕ್ಕೆ ಸರ್ಕಾರದಿಂದ ಹಣ ಸಿಗುವ ವ್ಯವಸ್ಥೆ ಮೊದಲು ಇತ್ತು. ಹಾರ್ಪರ್ ಸರ್ಕಾರ ಅದನ್ನು ತೆಗೆದುಹಾಕಿತು, 2015ರ ಹೊತ್ತಿಗೆ ಅದು ಪೂರ್ತಿ ನಿಂತಿತು. ಈಗ ಉಳಿದಿರುವ ನೆರವುಗಳಲ್ಲಿ ಒಂದು, ಅಭ್ಯರ್ಥಿಯ ಚುನಾವಣಾ ಖರ್ಚಿನಲ್ಲಿ ಶೇ 60 ವಾಪಸ್ ಬರುವ ನಿಯಮ. ಅದಕ್ಕೆ ಕ್ಷೇತ್ರದಲ್ಲಿ ಶೇ 10 ಮತ ಬರಲೇಬೇಕು. ಎನ್‌ಡಿಪಿಯ ಹೆಚ್ಚಿನ ಅಭ್ಯರ್ಥಿಗಳಿಗೆ ಅದು ಬರಲಿಲ್ಲ. ಒಂದು ಸಲಕ್ಕೆ ಅಂತ ಮತ ಬೇರೆಯವರಿಗೆ ಕೊಟ್ಟವರು ತಮಗೆ ಗೊತ್ತಿಲ್ಲದೆ ತಮ್ಮ ಪಕ್ಷದ ಕೈಯನ್ನೂ ಖಾಲಿ ಮಾಡಿದ್ದಾರೆ.

ಸಂಸದರಿಗೆ ಇಂಥ ಪಾಡಿಲ್ಲ. ಕೆನಡಾದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. 2025ರ ನವೆಂಬರ್‌ನಲ್ಲಿ ನೋವಾ ಸ್ಕಾಶಿಯಾದ ಕನ್ಸರ್ವೇಟಿವ್ ಸಂಸದ ಕ್ರಿಸ್ ಡಾಂತ್ರಮಾಂ, ಡಿಸೆಂಬರ್‌ನಲ್ಲಿ ಟೊರಾಂಟೊ ಪಕ್ಕದ ಮೈಕಲ್ ಮಾ ಸೀಟು ಉಳಿಸಿಕೊಂಡೇ ಲಿಬರಲ್ ಸೇರಿದರು.

ಎನ್‌ಡಿಪಿ ಚೇತರಿಸಿಕೊಂಡರೆ ಮೊದಲ ಪೆಟ್ಟು ಬೀಳುವುದು ಕಾರ್ನಿಗೆ. ಟೊರಾಂಟೊ, ವ್ಯಾಂಕೂವರ್ ಸುತ್ತಲಿನ ಸೀಟುಗಳಲ್ಲಿ ಎನ್‌ಡಿಪಿಗೆ ಹಳೆಯ ಮತದಲ್ಲಿ ಅರ್ಧ ಮರಳಿದರೂ ಲಿಬರಲ್ ಅಭ್ಯರ್ಥಿ ಹಿಂದೆ ಬೀಳುತ್ತಾರೆ, ಕನ್ಸರ್ವೇಟಿವ್ ತನ್ನ ಶೇ 41ರಲ್ಲೇ ಗೆದ್ದುಬಿಡಬಹುದು. ಹಾಗಾಗಿ ಪೊಲಿಯೆವ್ ಪಾಳಯಕ್ಕೆ ವಿಂಡ್ಸರ್‌ನಲ್ಲಿ ಎನ್‌ಡಿಪಿ ಏಳದಿರಲಿ ಅನ್ನುವ ಆಸೆಯೂ ಇದೆ, ಟೊರಾಂಟೊ ಒಳಗೆ ಅದು ಬೇಗ ಎದ್ದು ನಿಲ್ಲಲಿ ಅನ್ನುವ ಆಸೆಯೂ ಇದೆ. ಎರಡೂ ಒಟ್ಟಿಗೆ ಆಗುವುದು ಸುಲಭವಿಲ್ಲ.